ಮುತ್ತತ್ತಿಗೆ ಹೋದವರು ಹೊಳೆಗೆ ಇಳಿಯಲೇಬೇಕೇ?

ಕೆರೆಏರಿ, ಮಂಡ್ಯ

ಬರುವ ಭಾನುವಾರ ಮನೆಯವರೆಲ್ಲ ಸೇರಿ ಕಾವೇರಿ ದಂಡೆಯ ಮುತ್ತತ್ತಿಗೆ ಹೊರಟಿದ್ದೇವೆ. ಅಮ್ಮ ಅಲ್ಲಿನ ಆಂಜನೇಯ ಮುತ್ತತ್ತಿರಾಯನಿಗೆ ಹೊತ್ತ ಹರಕೆಯನ್ನು ತೀರಿಸಬೇಕಾಗಿದೆ. ದಾವಣಗೆರೆಯಿಂದ ಬಂದಿರುವ ಅಕ್ಕನ ಮಕ್ಕಳಿಬ್ಬರಿಗೆ ಹೊಳೆಯಲ್ಲಿ ಈಜುವ ಆಸೆ. ಇಬ್ಬರೂ ಹದಿಹರೆಯದವರು, ಈಜುಕೊಳದಲ್ಲಿ ಚೆನ್ನಾಗಿ ಈಜುತ್ತಾರೆ. ಆದರೆ ಬೇಸಿಗೆ ಬಂತೆಂದರೆ ಆ ದಂಡೆಯಿಂದ ಬರುವ, ಮುಳುಗಿ ಸತ್ತವರ ಸುದ್ದಿಗಳನ್ನು ಓದುತ್ತಲೇ ಬಂದಿರುವ ನನಗೆ ಅವರನ್ನು ನೀರಿಗೆ ಬಿಡಲು ಧೈರ್ಯವಾಗುತ್ತಿಲ್ಲ. "ಹಾಗಾದರೆ ಅಷ್ಟು ದೂರ ಹೋಗಿ ಮಾಡುವುದೇನು ಮಾವ?" ಎಂದು ಅವರು ಕೇಳುತ್ತಿದ್ದಾರೆ.

ಅಪಾಯವಿಲ್ಲದೆ ಈಜಬಹುದಾದ ಜಾಗ ಅಲ್ಲಿ ಎಲ್ಲಾದರೂ ಇದೆಯೇ? ಇಲ್ಲವೆಂದಾದರೆ, ಅಷ್ಟು ದೊಡ್ಡ ಕಾಡಿನ ನಡುವೆ ಒಂದು ಹಗಲನ್ನು ಹೇಗೆ ಕಳೆಯಬಹುದು? ಆ ಸೀಮೆಯವರು ಮತ್ತು ಕಾಡನ್ನು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಹಲಗೂರು ಸೀಮೆ

ಅಂಥ ಜಾಗ ಇಲ್ಲ ಸ್ವಾಮಿ. ಮೊದಲು ಇದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ.

ದಂಡೆಯಲ್ಲಿ ನಿಂತು ನೋಡಿದರೆ ಮರಳು ಕಾಣುತ್ತದೆ, ಅದರಾಚೆ ಮೊಣಕಾಲುದ್ದದ ತಿಳಿನೀರು ಕಾಣುತ್ತದೆ, ಇನ್ನೂ ಆಚೆ ಬಂಡೆಗಳ ನಡುವೆ ನೀರು ಸದ್ದಿಲ್ಲದೆ ನಿಂತಂತೆ ಕಾಣುತ್ತದೆ. ಆ ನಿಂತಂತೆ ಕಾಣುವ ನೀರೇ ಮಡು. ಶಿವನಸಮುದ್ರದಿಂದ ಕೆಳಗೆ ಕಾವೇರಿ ಹರಿಯುವುದು ಬೆಟ್ಟಗಳ ನಡುವಿನ ಕಲ್ಲಿನ ಪಾತ್ರದಲ್ಲಿ. ಪ್ರವಾಹ ಬಂದಾಗಲೆಲ್ಲ ಸುಳಿಗೆ ಸಿಕ್ಕ ಗುಂಡುಕಲ್ಲುಗಳು ಒಂದೇ ಕಡೆ ಗಿರಗಿರನೆ ತಿರುಗಿ ಬಂಡೆಯನ್ನು ಕೊರೆದು ಗುಳಿ ಮಾಡುತ್ತವೆ. ಮೇಕೆದಾಟಿಗೆ ಹೋದರೆ ನೀರು ಇಳಿದಾಗ ಆ ಗುಳಿಗಳನ್ನು ಕಣ್ಣಾರೆ ನೋಡಬಹುದು. ನಮ್ಮ ಕಡೆ ಅಂಥವುಗಳ ಮೇಲೆ ನೀರು ನಿಂತಿರುತ್ತದೆ ಅಥವಾ ಮರಳು ಮುಚ್ಚಿರುತ್ತದೆ, ಅಷ್ಟೇ ವ್ಯತ್ಯಾಸ. ಎರಡು ಹೆಜ್ಜೆಯ ಹಿಂದೆ ಸೊಂಟದವರೆಗಿದ್ದ ನೀರು ಮೂರನೆಯ ಹೆಜ್ಜೆಗೆ ತಲೆಯ ಮೇಲೆ ಹೋಗುತ್ತದೆ. ಹೋದ ವರ್ಷ ಸುರಕ್ಷಿತವಾಗಿದ್ದ ಜಾಗ ಈ ವರ್ಷ ಹಾಗೆಯೇ ಇರುತ್ತದೆಂದು ಊರಿನವರೂ ಹೇಳಲಾರರು, ಏಕೆಂದರೆ ಮಳೆಗಾಲದ ಹೊಳೆ ಮರಳನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ಹಾಕಿರುತ್ತದೆ.

ಸಕ್ಕರೆನಾಡು

ಹಲಗೂರಿನವರ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ.

ಚಾಮುಂಡಿಪುರಂ ಯುವಕ

ನಾನು ಇದನ್ನು ಒಪ್ಪುವುದಿಲ್ಲ. ನಾವು ಗೆಳೆಯರು ಕಾಲೇಜಿನ ದಿನಗಳಿಂದಲೂ ಅಲ್ಲಿ ಈಜುತ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಸತ್ತವರಲ್ಲಿ ಹೆಚ್ಚಿನವರು ಈಜು ಬಾರದವರು ಅಥವಾ ಕುಡಿದು ಇಳಿದವರು. ಅವರ ತಪ್ಪಿಗೆ ಎಲ್ಲರನ್ನೂ ದಂಡೆಯಲ್ಲಿ ಕೂರಿಸುವುದು ನ್ಯಾಯವಲ್ಲ. ಹೊಳೆಯೂ ಕಾಡೂ ಸಾರ್ವಜನಿಕರ ಆಸ್ತಿ. ಈಜಲು ಬರುವವರು ಎಚ್ಚರಿಕೆಯಿಂದ ಈಜಲಿ ಎಂದು ಹೇಳುವುದು ಸರಿಯಾದ ಸಲಹೆ.

ಬನ್ನೂರು ಮೇಷ್ಟ್ರು

ಯುವಕರೇ, ನಾನು ವಿಜ್ಞಾನ ಪಾಠ ಮಾಡಿದವನು, ಆದ್ದರಿಂದ ಲೆಕ್ಕದ ಮೂಲಕವೇ ಹೇಳುತ್ತೇನೆ. ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಅದು ನಿಮ್ಮ ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಈಜುಕೊಳದಲ್ಲಿ ಈ ಬಲ ಇರುವುದೇ ಇಲ್ಲ. ಕೊಳದಲ್ಲಿ ಈಜುವವನು ನೀರನ್ನು ತಾನು ತಳ್ಳುತ್ತಾನೆ, ಹೊಳೆಯಲ್ಲಿ ನೀರು ಅವನನ್ನು ತಳ್ಳುತ್ತದೆ. ಪಾದ ಎರಡು ಬಂಡೆಗಳ ಸಂದಿಗೆ ಸಿಕ್ಕಿಕೊಂಡರಂತೂ ಸೊಂಟದುದ್ದದ ಸೆಳವು ಎಂಥ ಈಜುಗಾರನನ್ನೂ ಮಗುಚಿ ಹಾಕುತ್ತದೆ.

ಎರಡನೆಯ ವಿಷಯ ಇನ್ನೂ ಮುಖ್ಯವಾದದ್ದು. ಮುತ್ತತ್ತಿಯ ನೀರು ಮಂಡ್ಯದ ಮಳೆಯನ್ನು ನಂಬಿಕೊಂಡು ಹರಿಯುವುದಿಲ್ಲ. ಕೊಡಗಿನ ಮಳೆ ಕನ್ನಂಬಾಡಿಯಲ್ಲಿ ನಿಂತು, ಅಲ್ಲಿಂದ ಬಿಟ್ಟಾಗ ಬರುತ್ತದೆ. ವಯನಾಡಿನ ಮಳೆ ಬೀಚನಹಳ್ಳಿಯ ಕಬಿನಿ ಜಲಾಶಯವನ್ನು ತುಂಬಿಸಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ ಬರುತ್ತದೆ. ಇದರ ಜೊತೆಗೆ ಮುತ್ತತ್ತಿಗಿಂತ ಮೇಲೆಯೇ ಶಿಂಷಾ ಕೂಡಿಕೊಳ್ಳುತ್ತದೆ. 1902ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ಶಿವನಸಮುದ್ರದ ಕೇಂದ್ರದಿಂದ ಹೊರಬರುವ ನೀರೂ ಇದೇ ಪಾತ್ರಕ್ಕೆ ಇಳಿಯುತ್ತದೆ. ಆದ್ದರಿಂದ ಆಕಾಶದಲ್ಲಿ ಒಂದು ಮೋಡವಿಲ್ಲದ ದಿನವೂ ಹೊಳೆ ಏರಬಹುದು. ಬೆಳಿಗ್ಗೆ ನಡೆದು ದಾಟಿದ ಬಂಡೆಯಿಂದ ಮಧ್ಯಾಹ್ನ ಮರಳಿ ಬರಲಾಗದೆ ನಡುನೀರಿನಲ್ಲಿ ಸಿಕ್ಕಿಕೊಳ್ಳುವುದು ಹೀಗೆಯೇ. ಇಷ್ಟು ವರ್ಷ ನಿಮಗೆ ಏನೂ ಆಗಲಿಲ್ಲ ಎಂಬುದು ಸಂತೋಷದ ಸಂಗತಿ, ಆದರೆ ಅದನ್ನು ಬೇರೆಯವರ ಮಕ್ಕಳಿಗೆ ಭರವಸೆಯಾಗಿ ಕೊಡಬೇಡಿ.

ಚಾಮುಂಡಿಪುರಂ ಯುವಕ

ಮೇಷ್ಟ್ರೇ, ಜಲಾಶಯದ ವಿಷಯವನ್ನು ಒಪ್ಪಿದೆ. ಆದರೂ ನನ್ನ ಪ್ರಶ್ನೆ ಉಳಿದಿದೆ. ಜನ ಬಂದೇ ಬರುತ್ತಾರೆ, ನೀರನ್ನು ಮುಟ್ಟಿಯೇ ಮುಟ್ಟುತ್ತಾರೆ. "ಅಪಾಯ, ಇಳಿಯಬೇಡಿ" ಎಂಬ ಫಲಕವನ್ನು ನೆಟ್ಟು ಕೈತೊಳೆದುಕೊಂಡರೆ ಸಾವು ನಿಲ್ಲುವುದೇ? ದೇವಸ್ಥಾನದ ಎದುರಿನ ದಂಡೆಯಲ್ಲಿ ಸ್ವಲ್ಪ ಜಾಗವನ್ನು ಸರಪಳಿ ಕಟ್ಟಿ ಗುರುತಿಸಿ, ಅದರೊಳಗೆ ಮಾತ್ರ ಸ್ನಾನಕ್ಕೆ ಬಿಟ್ಟು, ವಾರಾಂತ್ಯದಲ್ಲಿ ಈಜು ಬಲ್ಲ ಊರಿನ ಹುಡುಗರನ್ನೇ ಸಂಬಳಕ್ಕೆ ನಿಲ್ಲಿಸಿದರೆ ಆಗದೇ?

ಹಲಗೂರು ಸೀಮೆ

ಇದು ಯೋಗ್ಯವಾದ ಮಾತು. ಇದಕ್ಕೆ ನನ್ನ ವಿರೋಧವಿಲ್ಲ. ಮುಳುಗಿದವರನ್ನು ಹುಡುಕಲು ಈಗಲೂ ಕರೆ ಬರುವುದು ಊರಿನ ತೆಪ್ಪದವರಿಗೆ. ಹೆಣ ಎತ್ತುವ ಕೆಲಸಕ್ಕೆ ಕರೆಯುವ ಬದಲು ಅದಕ್ಕಿಂತ ಮುಂಚಿನ ಕೆಲಸಕ್ಕೆ ಕರೆದರೆ ಅವರಿಗೂ ನೆಮ್ಮದಿ. ಆದರೆ ಅಂಥ ವ್ಯವಸ್ಥೆಯಾಗುವವರೆಗೆ ಕೆರೆಏರಿಯವರು ಕೇಳಿದ ಪ್ರಶ್ನೆಗೆ ಉತ್ತರ ಬದಲಾಗುವುದಿಲ್ಲ.

ಹೊಳೆಮತ್ತಿ

ಕೆರೆಏರಿಯವರ ಎರಡನೆಯ ಪ್ರಶ್ನೆಯನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ನನಗೆ ಹೆಚ್ಚು ಪ್ರಿಯವಾದದ್ದು ಅದೇ ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಮುತ್ತತ್ತಿ ಎಂದರೆ ಒಂದು ದೇವಸ್ಥಾನ ಮತ್ತು ಒಂದು ಮರಳ ದಂಡೆ ಎಂದು ನಾವು ಭಾವಿಸಿದ್ದೇವೆ. ಅದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಒಳಗಿರುವ ಊರು. ಮಂಡ್ಯ, ರಾಮನಗರ ಮತ್ತು ಚಾಮರಾಜನಗರದ ಸೀಮೆಗಳಲ್ಲಿ ಹರಡಿಕೊಂಡಿರುವ ಈ ಕಾಡು ಈಗ ಸಾವಿರ ಚದರ ಕಿಲೋಮೀಟರಿಗಿಂತಲೂ ದೊಡ್ಡದು. ರಸ್ತೆಯ ಇಕ್ಕೆಲದಲ್ಲಿ ನೀವು ನೋಡುವುದು ಒಣಕಾಡು. ಕಮರ, ದಿಂಡಿಗ, ಬಿದಿರು ಮತ್ತು ಮುಳ್ಳುಪೊದೆಗಳಿರುವ ಆ ಕಾಡು ಬೇಸಿಗೆಯಲ್ಲಿ ಎಲೆಯುದುರಿಸಿ ಬೋಳಾಗಿ ನಿಲ್ಲುತ್ತದೆ. ಹೊಳೆ ಹತ್ತಿರವಾದಂತೆ ಇದ್ದಕ್ಕಿದ್ದಂತೆ ನೆರಳು ಬರುತ್ತದೆ. ಆ ನೆರಳು ಹೊಳೆಮತ್ತಿ ಮರಗಳದ್ದು.

ಮಕ್ಕಳನ್ನು ಒಂದು ಹೊಳೆಮತ್ತಿಯ ಬುಡಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿ. ತೊಗಟೆ ಬೂದು ಬೆರೆತ ಬಿಳಿಬಣ್ಣದ್ದು, ಮುಟ್ಟಿದರೆ ನುಣುಪಾಗಿರುತ್ತದೆ. ಅಲ್ಲಲ್ಲಿ ತೆಳ್ಳಗಿನ ಹಾಳೆಯಾಗಿ ಕಳಚಿಕೊಂಡಿದ್ದು, ಅದರಡಿಯಲ್ಲಿ ನಸುಗೆಂಪು ಕಾಣುತ್ತದೆ. ಬೇರುಗಳು ಬಂಡೆಯನ್ನು ಬಳಸಿ ನೀರಿನವರೆಗೆ ಇಳಿದಿರುತ್ತವೆ. ಕಾಂಡದ ಮೇಲೆ ಎಷ್ಟೋ ಎತ್ತರದಲ್ಲಿ ಒಣಹುಲ್ಲು, ಕಸಕಡ್ಡಿ ಸಿಕ್ಕಿಕೊಂಡಿರುವುದು ಕಂಡರೆ ಅದನ್ನು ತೋರಿಸಿ, ಮಳೆಗಾಲದ ಹೊಳೆ ಅಷ್ಟು ಎತ್ತರಕ್ಕೆ ಬಂದಿತ್ತು ಎಂದು ಹೇಳಿ. ಯಾವ ಎಚ್ಚರಿಕೆಯ ಫಲಕಕ್ಕಿಂತಲೂ ಅದು ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ. ಬುಡದಲ್ಲಿ ಉದುರಿದ ಕಾಯಿಗಳನ್ನು ಎತ್ತಿಕೊಂಡರೆ ಪ್ರತಿಯೊಂದಕ್ಕೂ ಐದು ಉದ್ದುದ್ದ ರೆಕ್ಕೆಗಳಿರುತ್ತವೆ.

ಆಮೇಲೆ ತಲೆಯೆತ್ತಿ ನೋಡಲು ಹೇಳಿ. ಕೊಂಬೆಗಳ ತುದಿಯಲ್ಲಿ ಎಲೆಕಡ್ಡಿಗಳ ದೊಡ್ಡ ಗೂಡು ಕಂಡರೆ ಅಲ್ಲೇ ಸದ್ದು ಮಾಡದೆ ಕುಳಿತುಕೊಳ್ಳಿ. ಅದು ಬೂದುಬಣ್ಣದ ದೊಡ್ಡ ಅಳಿಲಿನ ಗೂಡಾಗಿರಬಹುದು. ಕರ್ನಾಟಕದಲ್ಲಿ ಅದರ ಮುಖ್ಯ ನೆಲೆ ಈ ಕಾವೇರಿ ದಂಡೆಯ ಮರಗಳೇ. ಬೆಳಗಿನ ಹೊತ್ತು ಮತ್ತು ಬಿಸಿಲು ಇಳಿದ ಮೇಲೆ ಅದರ ಓಡಾಟ ಹೆಚ್ಚು.

ಹುಣಸೂರು ರಸ್ತೆ

ಅದು ನಾಗರಹೊಳೆಯಲ್ಲಿ ಕಾಣುವ ಕೆಂಜಳಿಲೇ ಅಲ್ಲವೇ? ಸಫಾರಿಗೆ ಹೋದಾಗಲೆಲ್ಲ ಅದನ್ನು ನೋಡಿದ್ದೇನೆ. ಅದರಲ್ಲಿ ಅಷ್ಟೇನೂ ಅಪರೂಪವಿಲ್ಲ.

ಹೊಳೆಮತ್ತಿ

ಅಲ್ಲ ಸರ್. ನಾಗರಹೊಳೆಯದು ಕೆಂಪು, ಕಂದು ಮತ್ತು ಕೆನೆಬಣ್ಣಗಳು ಎದ್ದುಕಾಣುವ ಮಲಬಾರ್ ಅಳಿಲು. ಪಶ್ಚಿಮಘಟ್ಟದ ಕಾಡುಗಳಲ್ಲಿ ಅದು ಅನೇಕ ಕಡೆ ಇದೆ. ಮುತ್ತತ್ತಿಯದು ಗಾತ್ರದಲ್ಲಿ ಅದಕ್ಕಿಂತ ಸ್ವಲ್ಪ ಚಿಕ್ಕದು, ಬಾಲದ ಮೇಲೆ ಬಿಳಿ ಕೂದಲು ಚದುರಿ ಬೂದುಬೂದಾಗಿ ಕಾಣುತ್ತದೆ. ಪ್ರಪಂಚದಲ್ಲಿ ಅದು ಇರುವುದು ದಕ್ಷಿಣ ಭಾರತದ ಕೆಲವೇ ಕಾಡುಗಳಲ್ಲಿ ಮತ್ತು ಶ್ರೀಲಂಕಾದಲ್ಲಿ. ಒಂದು ಮರದ ನೆತ್ತಿಯಿಂದ ಇನ್ನೊಂದು ಮರದ ನೆತ್ತಿಗೆ ದಾಟಿಯೇ ಅದು ಬದುಕುವುದು, ನೆಲಕ್ಕೆ ಇಳಿಯುವುದು ಬಹಳ ವಿರಳ. ದಂಡೆಯ ಸಾಲಿನಲ್ಲಿ ನಡುವಿನ ಒಂದು ದೊಡ್ಡ ಮರ ಬಿದ್ದರೂ ಅದರ ದಾರಿ ಅಲ್ಲಿಗೆ ಕಡಿದುಹೋಗುತ್ತದೆ. ಹಾಗಾಗಿ ಈ ಮರಗಳ ಬುಡದಲ್ಲಿ ಒಲೆ ಹೂಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮಳವಳ್ಳಿ ಭಕ್ತ

ಒಲೆಯ ಮಾತು ಬಂದಿದ್ದರಿಂದ ನಾನೂ ಬರೆಯಬೇಕಾಯಿತು. ಮುತ್ತತ್ತಿರಾಯನಿಗೆ ಹರಕೆ ಹೊತ್ತು, ಬಂಧುಬಳಗವನ್ನೆಲ್ಲ ಕರೆದು, ಹೊಳೆಯ ದಂಡೆಯಲ್ಲಿ ಪರ, ಎಂದರೆ ದೇವರ ಹೆಸರಿನ ಊಟ ಹಾಕುವುದು ನಮ್ಮ ತಾತ ಮುತ್ತಾತಂದಿರ ಕಾಲದಿಂದ ಬಂದದ್ದು. ವನ್ಯಜೀವಿಧಾಮ 1987ರಲ್ಲಿ ಬಂತು, ದೇವರು ಅದಕ್ಕಿಂತ ಮೊದಲಿನಿಂದಲೂ ಅಲ್ಲಿದ್ದಾನೆ. ಡಾ. ರಾಜ್‌ಕುಮಾರ್ ಅವರಿಗೆ ಹೆತ್ತವರು ಇಟ್ಟಿದ್ದ ಮುತ್ತುರಾಜ್ ಎಂಬ ಹೆಸರೂ ಈ ದೇವರದ್ದೇ. ವಾರಾಂತ್ಯಕ್ಕೆ ಬಾಟಲಿ ಹಿಡಿದು ಬರುವವರನ್ನೂ ಹರಕೆ ತೀರಿಸಲು ಬರುವ ನಮ್ಮನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನೋವಿನ ಸಂಗತಿ.

ಹೊಳೆಮತ್ತಿ

ನಿಮ್ಮನ್ನು ನೋಯಿಸುವ ಉದ್ದೇಶ ನನಗಿಲ್ಲ. ಹರಕೆಯ ಅಡುಗೆ ಬೇಡವೆಂದು ನಾನು ಹೇಳುತ್ತಿಲ್ಲ, ಮರದ ಬುಡ ಬೇಡವೆನ್ನುತ್ತಿದ್ದೇನೆ. ಮೂರು ಕಲ್ಲಿನ ಒಲೆಯನ್ನು ಮರಕ್ಕೆ ಒತ್ತಿ ಹೂಡಿದಾಗ ಆ ಕಡೆಯ ತೊಗಟೆ ಬೆಂದು ಸಾಯುತ್ತದೆ. ಮತ್ತೆ ಮತ್ತೆ ಅಲ್ಲೇ ಹೂಡಿದರೆ ಬುಡ ಪೊಳ್ಳಾಗುತ್ತದೆ, ಮುಂದಿನ ಪ್ರವಾಹಕ್ಕೆ ಮರ ಉರುಳುತ್ತದೆ. ಮರ ಹೋದರೆ ಅದು ಹಿಡಿದಿಟ್ಟ ದಂಡೆಯೂ ಹೋಗುತ್ತದೆ. ನೀವು ಹರಕೆಗೆ ಕೂರುವ ನೆರಳೂ ಅದೇ ಮರದ್ದು.

ವಕೀಲರ ಬೀದಿ

ಕಾನೂನಿನ ಸ್ಥಿತಿಯನ್ನು ತಿಳಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಪ್ರಕಾರ ವನ್ಯಜೀವಿಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದೂ, ಉರಿಯುವ ಬೆಂಕಿಯನ್ನು ಹಾಗೆಯೇ ಬಿಟ್ಟು ಹೋಗುವುದೂ ನಿಷಿದ್ಧ. ವನ್ಯಜೀವಿಗಳಿಗೆ ಕಿರುಕುಳ ಕೊಡುವುದನ್ನು ಮತ್ತು ಅಲ್ಲಿ ಕಸ ಚೆಲ್ಲುವುದನ್ನು 27ನೇ ಕಲಂ ನಿಷೇಧಿಸುತ್ತದೆ. ಅಲ್ಲಿಗೆ ಬರುವ ಭಕ್ತನಿಗೂ ಪ್ರವಾಸಿಗನಿಗೂ ಇದರಲ್ಲಿ ಭೇದವಿಲ್ಲ. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಆ ಒಣಕಾಡಿನಲ್ಲಿ ಒಂದು ಕಿಡಿಗೆ ಬೆಟ್ಟವೇ ಹೊತ್ತಿಕೊಳ್ಳುತ್ತದೆ. ಹರಕೆಯ ಅಡುಗೆ ಮಾಡುವವರು ಚೆಕ್‌ಪೋಸ್ಟಿನಲ್ಲಿ ಮೊದಲೇ ಕೇಳಿ, ಸಿಬ್ಬಂದಿ ತೋರಿಸಿದ ಜಾಗದಲ್ಲಿ ಮಾತ್ರ ಒಲೆ ಹೂಡಿ, ಹೊರಡುವ ಮುನ್ನ ಬೂದಿಗೆ ನೀರು ಸುರಿಯಬೇಕು. ಕಟ್ಟಿಗೆಯನ್ನು ಕಾಡಿನಿಂದ ಆರಿಸಬಾರದು.

ಮಳವಳ್ಳಿ ಭಕ್ತ

ಹಾಗಿದ್ದರೆ ನನಗೆ ಒಪ್ಪಿಗೆ. ಅಡುಗೆಗೆ ಕಾಯಂ ಕಟ್ಟೆ ಮತ್ತು ನೀರಿನ ನಲ್ಲಿ ಇರುವ ಒಂದು ಜಾಗವನ್ನು ಊರಿನ ಅಂಚಿನಲ್ಲಿ ಮಾಡಿಕೊಟ್ಟರೆ ನಮ್ಮವರಾರೂ ಮರದ ಬುಡಕ್ಕೆ ಹೋಗುವುದಿಲ್ಲ.

ನಾಗಮಂಗಲದ ಅಕ್ಕ

ಗಂಡಸರು ಕಾನೂನು, ಸೆಳವು, ಒಲೆ ಎಲ್ಲವನ್ನೂ ಚರ್ಚಿಸಿದಿರಿ. ಹೆಂಗಸರ ಕಷ್ಟವನ್ನು ಒಬ್ಬರೂ ಎತ್ತಲಿಲ್ಲ. ನಾವು ಹೋದ ದಿನ ಸ್ನಾನ ಮಾಡಿದ ಹೆಂಗಸರು ಬಟ್ಟೆ ಬದಲಿಸಲು ಬಂಡೆಯ ಮರೆಯನ್ನು ಹುಡುಕಿಕೊಂಡು ಮೇಲ್ದಂಡೆಗೆ ಹೋಗಬೇಕಾಯಿತು. ಶೌಚಾಲಯದ ಬಾಗಿಲಿಗೆ ಬೀಗವಿತ್ತು. ಜನ ಕಡಿಮೆ ಇರುವ ಮೂಲೆಗೆ, ಗುರುತಿಲ್ಲದ ನೀರಿಗೆ ಹೆಂಗಸರು ಇಳಿಯುವುದು ಸಾಹಸಕ್ಕಾಗಿ ಅಲ್ಲ, ಮರೆಗಾಗಿ. ಚಾಮುಂಡಿಪುರಂ ತಮ್ಮ ಹೇಳಿದ ಸರಪಳಿ ಕಟ್ಟಿದ ಸ್ನಾನದ ಜಾಗದ ಪಕ್ಕದಲ್ಲೇ ಬಟ್ಟೆ ಬದಲಿಸುವ ಕೋಣೆ ಇಲ್ಲದಿದ್ದರೆ ಆ ಸರಪಳಿ ಅರ್ಧದಷ್ಟು ಜನರಿಗೆ ಉಪಯೋಗಕ್ಕೆ ಬರುವುದಿಲ್ಲ.

ಚಾಮುಂಡಿಪುರಂ ಯುವಕ

ಅಕ್ಕ, ಇದು ನನಗೆ ಹೊಳೆದಿರಲಿಲ್ಲ. ನೀವು ಹೇಳಿದ್ದು ನೂರಕ್ಕೆ ನೂರು ಸರಿ.

ಗಾಳ ಬಿಟ್ಟವ

ಹೊಳೆಯಲ್ಲಿ ನೋಡಲು ಇನ್ನೊಂದು ಸಂಪತ್ತಿದೆ, ಅದು ಬಿಳಿಮೀನು. ಇಂಗ್ಲಿಷಿನವರು ಮಹಶೀರ್ ಎನ್ನುವ ಈ ಮೀನಿಗಾಗಿಯೇ ಇದೇ ಕಾವೇರಿ ದಂಡೆಯ ಭೀಮೇಶ್ವರಿಯ ಶಿಬಿರಕ್ಕೆ ಹೊರದೇಶಗಳಿಂದ ಜನ ಬರುತ್ತಿದ್ದರು. ಗಾಳಕ್ಕೆ ಬಿದ್ದ ಮೀನನ್ನು ತೂಗಿ, ಚಿತ್ರ ತೆಗೆದು, ಮತ್ತೆ ನೀರಿಗೆ ಬಿಡುತ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿ ಹೊಳೆಯಲ್ಲಿ 120 ಪೌಂಡ್ ತೂಗುವ, ಎಂದರೆ ಸುಮಾರು 54 ಕಿಲೋ ತೂಕದ ಮೀನನ್ನು ಹಿಡಿದದ್ದು ಇಂದಿಗೂ ದಾಖಲೆ. ವನ್ಯಜೀವಿಧಾಮದಲ್ಲಿ ಗಾಳದ ಆಟ ಈಗ ನಿಂತಿದೆ. ಅದು ನಿಂತದ್ದು ಕಾನೂನಿನ ದೃಷ್ಟಿಯಿಂದ ಸರಿಯಿರಬಹುದು, ಆದರೆ ಗಾಳದವರು ದಿನವೂ ದಂಡೆಯಲ್ಲಿದ್ದುದರಿಂದ ಸಿಡಿಮದ್ದು ಹಾಕಿ ಮೀನು ಕೊಲ್ಲುವವರು ಹತ್ತಿರ ಸುಳಿಯುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು.

ಸಕ್ಕರೆನಾಡು

ಶೃಂಗೇರಿಯ ಮಠದ ಎದುರು ತುಂಗೆಯಲ್ಲಿ ಇರುವ ದೇವರ ಮೀನುಗಳು ಇವೇ ತಾನೇ? ಅಲ್ಲಿ ಬೇಕಾದಷ್ಟಿವೆ.

ಗಾಳ ಬಿಟ್ಟವ

ಕುಲ ಒಂದೇ, ಜಾತಿ ಬೇರೆ. ತುಂಗೆ ಕೃಷ್ಣೆಯ ಕಡೆಗೆ ಹರಿಯುವ ಹೊಳೆ. ಬೆನ್ನು ಗೂನಿನಂತೆ ಉಬ್ಬಿರುವ, ಕಿತ್ತಳೆ ಬಣ್ಣದ ರೆಕ್ಕೆಗಳುಳ್ಳ ನಮ್ಮ ದೊಡ್ಡ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ. ಟಾರ್ ರೆಮಾದೇವಿ ಎಂಬ ಅದರ ವೈಜ್ಞಾನಿಕ ಗುರುತು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ, ಅತ್ಯಂತ ಅಪಾಯದ ಸ್ಥಿತಿಯ ಜೀವಿಗಳ ಪಟ್ಟಿಗೆ ಸೇರಿತು. ಬೇರೆ ಕಡೆಯ ಮೀನುಮರಿ ಕೇಂದ್ರಗಳಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಸದುದ್ದೇಶದಿಂದಲೇ ಕಾವೇರಿಗೆ ತಂದು ಬಿಟ್ಟರು. ಅವು ಹೆಚ್ಚಾದವು, ಮೂಲನಿವಾಸಿ ಕಡಿಮೆಯಾಯಿತು. ಹೊಳೆಗೆ ಮೀನು ಬಿಡುವುದು ಪುಣ್ಯವೆಂದು ತಿಳಿದವರು ಇದನ್ನು ಗಮನಿಸಬೇಕು.

ಕೆರೆಏರಿ, ಮಂಡ್ಯ

ಎಲ್ಲರಿಗೂ ವಂದನೆಗಳು. ಹುಡುಗರಿಬ್ಬರಿಗೂ ಈ ಮಾತುಗಳನ್ನೆಲ್ಲ ಓದಿಸಿದೆ. ಅಳಿಲನ್ನು ನೋಡಲೇಬೇಕೆಂದು ಚಿಕ್ಕವನು ಹಟ ಹಿಡಿದಿದ್ದಾನೆ. ದೊಡ್ಡವನು ಕಾಡಿನೊಳಗೆ ಚಾರಣ ಮಾಡಬಹುದೇ ಎಂದು ಕೇಳುತ್ತಿದ್ದಾನೆ. ರಸ್ತೆ ಬಿಟ್ಟು ಸ್ವಲ್ಪ ದೂರ ಬೆಟ್ಟ ಹತ್ತಿ ಬರಲು ಅವಕಾಶವಿದೆಯೇ?

ಹಲಗೂರು ಸೀಮೆ

ಹಾಗೆ ಹತ್ತುವಂತಿಲ್ಲ. ಅನುಮತಿ ಇಲ್ಲದೆ ರಸ್ತೆ ಬಿಟ್ಟು ಕಾಡಿಗೆ ಕಾಲಿಡುವುದು ಅಪರಾಧ. ಅದಕ್ಕಿಂತ ಮಿಗಿಲಾಗಿ ಅದು ಆನೆಯ ಕಾಡು. ಹಗಲಿನಲ್ಲಿ ಆನೆ ಬಿದಿರುಮೆಳೆಯ ಹಿಂದೆ ನಿಂತಿದ್ದರೆ ಹತ್ತಾರು ಹೆಜ್ಜೆ ಸಮೀಪಕ್ಕೆ ಹೋಗುವವರೆಗೆ ಕಾಣುವುದಿಲ್ಲ. ರಾಗಿ, ಕಬ್ಬು ಬೆಳೆದ ನಮ್ಮ ಹೊಲಗಳಿಗೆ ಅವು ಬಂದುಹೋಗುವುದು ಈ ಕಡೆಯವರಿಗೆಲ್ಲ ಗೊತ್ತು. ಸಂಜೆಯಾಗುವ ಮುನ್ನ ಕಾಡಿನ ರಸ್ತೆಯನ್ನು ದಾಟಿ ಹಲಗೂರು ಸೇರಿಕೊಳ್ಳಿ.

ದಂಡೆಯಲ್ಲಿ ಒಡೆದ ಬಾಟಲಿ ಕಂಡರೆ ಎತ್ತಿ ಚೀಲಕ್ಕೆ ಹಾಕಿಕೊಂಡು ಬನ್ನಿ. ರಾತ್ರಿ ನೀರಿಗೆ ಬರುವ ಆನೆಯ ಅಂಗಾಲು ಮೆತ್ತಗಿರುತ್ತದೆ, ಗಾಜು ಹೊಕ್ಕರೆ ಕೀವಾಗಿ ಅದು ತಿಂಗಳುಗಟ್ಟಲೆ ನರಳುತ್ತದೆ.

ಬೆಟ್ಟದ ದಾರಿ, ಮೈಸೂರು

ಚಾರಣವೇ ಬೇಕೆಂದರೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಯಾವ ದಾರಿಗಳು ತೆರೆದಿವೆ ಎಂದು ನೋಡಿ, ಟಿಕೆಟ್ ಪಡೆದು, ಮಾರ್ಗದರ್ಶಕರ ಜೊತೆ ಇನ್ನೊಂದು ದಿನ ಹೋಗಿ. ನೀರಿನ ಆಸೆಯನ್ನು ಬಿಡಲಾಗದ ದೊಡ್ಡ ಹುಡುಗನಿಗೆ ಭೀಮೇಶ್ವರಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯವರು ನಡೆಸುವ ತೆಪ್ಪ ಮತ್ತು ಕಯಾಕ್ ವಿಹಾರಗಳಿವೆ. ಮುಂಗಡವಾಗಿ ಕಾದಿರಿಸಬೇಕು, ಜೀವರಕ್ಷಕ ಅಂಗಿ ತೊಡಿಸಿ ಕರೆದೊಯ್ಯುತ್ತಾರೆ. ಬಂಡೆಗಳ ಮೇಲೆ ಬಾಯ್ದೆರೆದು ಬಿಸಿಲು ಕಾಯುವ ಮೊಸಳೆಗಳನ್ನೂ, ಗುಂಪಾಗಿ ಮೀನು ಬೆನ್ನಟ್ಟುವ ನೀರುನಾಯಿಗಳನ್ನೂ ದೂರದಿಂದ ನೋಡಲು ಅಂಥ ವಿಹಾರವೇ ಸರಿ.

ಹುಣಸೂರು ರಸ್ತೆ

ಮೊಸಳೆಗಳಿವೆ ಎಂಬ ಒಂದೇ ಮಾತು ಹುಡುಗರನ್ನು ದಂಡೆಯಲ್ಲಿ ಕೂರಿಸಲು ಸಾಕಲ್ಲವೇ?

ಬನ್ನೂರು ಮೇಷ್ಟ್ರು

ಸಾಲದು, ಮತ್ತು ಅದು ಸರಿಯಾದ ಕಾರಣವೂ ಅಲ್ಲ. ಆ ದಂಡೆಯಲ್ಲಿ ಜನರನ್ನು ಕೊಲ್ಲುತ್ತಿರುವುದು ಮೊಸಳೆಯಲ್ಲ, ಸೆಳವು ಮತ್ತು ಮಡು. ಪ್ರಾಣಿಯ ಭಯ ಹಾಕಿದರೆ ಮೊಸಳೆ ಕಾಣದ ದಿನ ಮಕ್ಕಳು ಇಳಿಯುತ್ತಾರೆ.

ಮಳವಳ್ಳಿ ಭಕ್ತ

ಹಿರಿಯರು ಹೇಳುವ ಸ್ಥಳಪುರಾಣವನ್ನೂ ಮಕ್ಕಳಿಗೆ ಹೇಳಿ ಕೆರೆಏರಿಯವರೇ. ಸೀತಮ್ಮನ ಮೂಗುತಿ ಮಡುವಿಗೆ ಬಿದ್ದಾಗ ಅದನ್ನು ತೆಗೆಯಲು ಆಂಜನೇಯಸ್ವಾಮಿಯೇ ಬಾಲದಿಂದ ನೀರನ್ನು ಕಡೆಯಬೇಕಾಯಿತು. ಆ ಮಡುವಿನ ಆಳ ನಮ್ಮ ಹಿರಿಯರಿಗೆ ಗೊತ್ತಿತ್ತು.

ಕನ್ನಂಬಾಡಿ ನೀರು

ಇಷ್ಟೆಲ್ಲ ಮಾತಾಡುತ್ತಿದ್ದೀರಿ, ಮೇಕೆದಾಟು ಯೋಜನೆ ಬಂದರೆ ಈ ದಂಡೆ ಉಳಿಯುವುದೇ ಎಂಬುದನ್ನೂ ಯೋಚಿಸಿದ್ದೀರಾ? 67 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟು ಕುಡಿಯುವ ನೀರಿಗೆ ಅಗತ್ಯ ಎಂಬುದು ನನ್ನ ನಿಲುವು.

ಹೊಳೆಮತ್ತಿ

ಮುಳುಗಡೆಯಾಗುವ ಭೂಮಿಯಲ್ಲಿ ಹೆಚ್ಚಿನ ಪಾಲು ಈ ಕಾಡಿನದ್ದೇ, ಅದರಲ್ಲೂ ದಂಡೆಯ ಮರಸಾಲು ಮೊದಲು ಹೋಗುತ್ತದೆ. ನಾನು ನಿಮ್ಮ ನಿಲುವನ್ನು ಒಪ್ಪುವುದಿಲ್ಲ. ಆದರೆ ಅದಕ್ಕೆ ಪ್ರತ್ಯೇಕ ಚರ್ಚೆಯನ್ನೇ ಆರಂಭಿಸಿ, ಅಲ್ಲಿ ಬಂದು ವಿವರವಾಗಿ ಬರೆಯುತ್ತೇನೆ. ಇಲ್ಲಿ ಒಂದು ಕುಟುಂಬ ಭಾನುವಾರಕ್ಕೆ ಹೊರಟು ನಿಂತಿದೆ.

ಕೆರೆಏರಿ, ಮಂಡ್ಯ

ಕೊನೆಯದಾಗಿ ಒಂದು ಪ್ರಶ್ನೆ. ನಮ್ಮ ಮನೆಯವರು ಯಾರೂ ನೀರಿಗೆ ಇಳಿಯುವುದಿಲ್ಲ, ಅಮ್ಮನಿಗೂ ದಂಡೆಯಲ್ಲೇ ಚೊಂಬಿನಿಂದ ನೀರು ಹೊಯ್ಯುತ್ತೇವೆ. ಆದರೆ ನಮ್ಮ ಕಣ್ಣೆದುರಿಗೇ ಬೇರೆ ಯಾರಾದರೂ ಮುಳುಗತೊಡಗಿದರೆ ನಾವು ಮಾಡಬೇಕಾದದ್ದೇನು?

ಹಲಗೂರು ಸೀಮೆ

ನೀವು ಹಾರಬೇಡಿ. ಒಬ್ಬನನ್ನು ಎಳೆಯಲು ಹೋಗಿ ಅವನ ಹಿಂದೆ ಇನ್ನಿಬ್ಬರು ಹೋದದ್ದೇ ಇಲ್ಲಿ ಹೆಚ್ಚು. ಮುಳುಗುವವನು ಸಾಮಾನ್ಯವಾಗಿ ಕೂಗುವುದಿಲ್ಲ, ಕೂಗಲು ಅವನಿಗೆ ಉಸಿರಿರುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ಏರಿಳಿಯುತ್ತಿದ್ದರೆ ಅದೇ ಲಕ್ಷಣ.

ಮನೆಯಿಂದ ಹೊರಡುವಾಗಲೇ ಕುಡಿಯುವ ನೀರಿನ 20 ಲೀಟರಿನ ಖಾಲಿ ಕ್ಯಾನು ಒಂದನ್ನು, ಹಿಡಿಯಿರುವಂಥದ್ದನ್ನು, ಮುಚ್ಚಳ ಬಿಗಿಯಾಗಿ ಹಾಕಿ ತೆಗೆದುಕೊಳ್ಳಿ. ಅದರ ಹಿಡಿಗೆ ಉದ್ದದ ನೈಲಾನ್ ಹಗ್ಗವನ್ನು ಗಟ್ಟಿಯಾಗಿ ಕಟ್ಟಿ. ಒಳಗೆ ಒಂದು ಲೋಟದಷ್ಟು ನೀರು ಬಿಟ್ಟಿದ್ದರೆ ಎಸೆಯುವಾಗ ಗಾಳಿಗೆ ತೂರಿಹೋಗುವುದಿಲ್ಲ. ಹಗ್ಗದ ಇನ್ನೊಂದು ತುದಿಯನ್ನು ಮರಕ್ಕೆ ಸುತ್ತಿ ಹಿಡಿದುಕೊಂಡು, ನೀವು ಕುಳಿತು, ಮುಳುಗುವವನಿಗಿಂತ ಸ್ವಲ್ಪ ಮೇಲಿನ ನೀರಿಗೆ ಎಸೆಯಿರಿ. ಹೊಳೆಯೇ ಅದನ್ನು ಅವನ ಕೈಗೆ ತರುತ್ತದೆ. ಅವನು ಹಿಡಿದ ಮೇಲೆ ನೇರವಾಗಿ ಎದುರಿಗೆ ಎಳೆಯಲು ಹೋಗದೆ, ಹಗ್ಗವನ್ನು ಬಿಗಿಹಿಡಿದು ನಿಂತರೆ ಸೆಳವು ತಾನಾಗಿ ಅವನನ್ನು ದಂಡೆಯ ಕಡೆಗೆ ತಿರುಗಿಸಿ ತರುತ್ತದೆ. ದೇವಸ್ಥಾನದ ಬಳಿ ತೆಪ್ಪದವರು ಎಲ್ಲಿ ಸಿಗುತ್ತಾರೆಂದು ಹೋದ ಕೂಡಲೇ ವಿಚಾರಿಸಿಕೊಳ್ಳಿ.

ನಾಗಮಂಗಲದ ಅಕ್ಕ

ಕ್ಯಾನು ಸಿಗದಿದ್ದರೆ ಎರಡು ಸೀರೆಗಳನ್ನು ಗಂಟು ಹಾಕಿದರೂ ಹತ್ತು ಮೀಟರಿನಷ್ಟು ಉದ್ದವಾಗುತ್ತದೆ. ಗಂಟನ್ನು ಒದ್ದೆ ಮಾಡಿ ಬಿಗಿದರೆ ಜಾರುವುದಿಲ್ಲ.